ಇಂದಿಗೆ ಆರು ತಿಂಗಳು

೧೮೮೩ ಮಾರ್ಚ್ ೧೨, ಬೆಳಿಗ್ಗೆ ಏಳು

ಮತ್ತೆ ಓಟ್ಸ್ ಗಂಜಿ. ಸೆಶನ್ ಶುರುವಾಗಿ ಹನ್ನೊಂದು ದಿನ, ಹನ್ನೊಂದು ದಿನವೂ ಗಂಜಿ. ಬೋರ್ಡಿಂಗ್ ಮನೆಯ ಮಿಸೆಸ್ ಗೋರ್ಹಮ್‌ಗೆ ಬೇರೆ ಅಡುಗೆ ಬರುವುದಿಲ್ಲವೋ, ಶಾಸಕರಿಗೆ ಇಷ್ಟು ಸಾಕು ಎಂದುಕೊಂಡಿದ್ದಾಳೋ ತಿಳಿಯದು. ಮನೆಯಲ್ಲಾದರೆ ಈ ಹೊತ್ತಿಗೆ ಝೆಲಿ ಒಲೆಯ ಮೇಲೆ ಪ್ಲೊಯ್ ಹುಯ್ಯುತ್ತಿರುತ್ತಾಳೆ. ತೂತುತೂತಿನ ಹಳದಿ ದೋಸೆ, ಮೇಲೆ ಮೇಪಲ್ ಪಾಕ... ಸಾಕು. ಬಾಯಲ್ಲಿ ನೀರು ಬಂದರೆ ಬಿಲ್ ಪಾಸಾಗುವುದಿಲ್ಲ.

ರೂಮಿನಲ್ಲಿ ನಾವಿಬ್ಬರು. ಇನ್ನೊಬ್ಬರು ಓಬೆಡ್ ಟಿಂಗ್ಲಿ. ಸಮುದ್ರದ ಕಡೆಯವರು, ಬ್ಯಾಪ್ಟಿಸ್ಟ್, ಮೂರನೇ ಸಲ ಗೆದ್ದು ಬಂದವರು. ನಾನು ಮೇಲುಹೊಳೆಯ ಫ್ರೆಂಚ್ ಕ್ಯಾಥೊಲಿಕ್, ಹೊಸಬ. ಒಲೆಗೆ ಸೌದೆ ತುಂಬುವ ವಿಷಯದಲ್ಲಿ ಮಾತ್ರ ಇಬ್ಬರದೂ ಒಂದೇ ಪಕ್ಷ.

ಇವತ್ತು ನನ್ನ ಬಿಲ್ಲಿನ ಮೊದಲ ಓದು. ಮೊದಲನೆಯದರಲ್ಲಿ ಯಾರೂ ಏನೂ ಅನ್ನುವುದಿಲ್ಲವಂತೆ. ಜಗಳವೆಲ್ಲ ಎರಡನೆಯದರಲ್ಲಿ. ಮೂರನೆಯದರ ಹೊತ್ತಿಗೆ ಎಲ್ಲರಿಗೂ ನಿದ್ದೆ. ಟಿಂಗ್ಲಿ ಹೇಳಿದ್ದು.

ಅದೇ ದಿನ, ಸಂಜೆ

ಆಯಿತು. ಗುಮಾಸ್ತ ಎದ್ದು ಹೆಸರು ಓದಿದ — ನ್ವಾರ್ ಹೊಳೆಗೆ ಸೇತುವೆ ಕಟ್ಟಲು ಅನುಮತಿ ಕೊಡುವ ಬಿಲ್.

ಸರ್ಕಾರದ ಒಂದು ಸೆಂಟೂ ಕೇಳಿಲ್ಲ. ಮರ ನಮ್ಮದು, ಕಲ್ಲು ನಮ್ಮದು, ರಟ್ಟೆ ನಮ್ಮದು. ಬೇಕಾದದ್ದು ನೀರಿನೊಳಗೆ ಎರಡು ಕಂಬ ನಿಲ್ಲಿಸಲು ಅಪ್ಪಣೆ, ಅಷ್ಟೇ. ಆದರೆ ನೀರು ಮೆಕ್‌ಅಲ್ಪಿನ್‌ನ ದಿಮ್ಮಿ ಕಂಪನಿಯದು. ಇಪ್ಪತ್ತು ವರ್ಷದ ಹಿಂದೆ ಇದೇ ಸಭೆ ಬರೆದುಕೊಟ್ಟಿದೆ: ದಿಮ್ಮಿ ತೇಲಿಬಿಡುವ ಹೊಳೆಯಲ್ಲಿ ಯಾರೂ ಒಂದು ಗೂಟವನ್ನೂ ಹೊಡೆಯುವಂತಿಲ್ಲ. ಆ ಮೆಕ್‌ಅಲ್ಪಿನ್ ಈಗ ಸಭೆಯಲ್ಲಿ ನನ್ನೆದುರಿಗೇ ಕೂರುತ್ತಾನೆ, ಪಕ್ಕದ ಕೌಂಟಿಯ ಸದಸ್ಯ. ಕೆಂಪು ಗಡ್ಡ, ದೊಡ್ಡ ನಗು. ನನ್ನ ಕಡೆ ತಿರುಗಿ ತಲೆ ಬಾಗಿಸಿದ. ಒಳ್ಳೆಯ ಮನುಷ್ಯನಂತೆ ಕಾಣುತ್ತಾನೆ, ಅದೇ ತೊಂದರೆ.

ಚಳಿಗಾಲದಲ್ಲಿ ಹೊಳೆ ಹೆಪ್ಪುಗಟ್ಟುತ್ತದೆ, ಸ್ಲೆಡ್ಜ್ ಓಡುತ್ತದೆ. ಬೇಸಿಗೆಯಲ್ಲಿ ದೋಣಿ. ನಡುವೆ ಐಸ್ ಒಡೆದು ದಿಮ್ಮಿ ಹರಿಯುವ ಆರು ವಾರ — ಆಚೆ ದಡದ ನಲವತ್ತು ಮನೆಗೆ ಚರ್ಚ್ ಇಲ್ಲ, ಅಂಗಡಿ ಇಲ್ಲ, ಸೂಲಗಿತ್ತಿ ಇಲ್ಲ. ಸೂಲಗಿತ್ತಿ ಅಂದರೆ ಝೆಲಿ, ನನ್ನ ಹೆಂಡತಿ. ಐವತ್ತೆರಡು ವಯಸ್ಸು. ಇಲ್ಲ ಅನ್ನಿಸಿಕೊಳ್ಳಲು ಅವಳೆಲ್ಲಿ ಬಿಡುತ್ತಾಳೆ? ಕಳೆದ ಏಪ್ರಿಲ್‌ನಲ್ಲಿ ಯಾರದೋ ಹೆರಿಗೆಗೆಂದು ಹೊರಟವಳ ಕಾಲು ಎರಡು ದಿಮ್ಮಿಗಳ ನಡುವೆ ಸಿಕ್ಕಿತು. ಎಡಗಾಲು ಇನ್ನೂ ಎಳೆಯುತ್ತಾಳೆ. ಅವಳು ಮಂಚ ಹಿಡಿದಿದ್ದಾಗ ಹೇಳಿದೆ, ಸೇತುವೆ ಕಟ್ಟಿಸ್ತೀನಿ ಅಂತ. “ಯಾರು, ನೀನಾ?” ಅಂದಳು. ಜೂನ್‌ನಲ್ಲಿ ಚುನಾವಣೆಗೆ ನಿಂತೆ.

೧೮೮೩ ಏಪ್ರಿಲ್ ೩, ಸಂಜೆ

ದೇವರು ದೊಡ್ಡವನು! ಇಷ್ಟು ಸುಲಭ ಅಂದುಕೊಂಡಿರಲಿಲ್ಲ.

ಎರಡನೇ ಓದು. ನಾನು ಬರೆದಿಟ್ಟುಕೊಂಡಿದ್ದ ಒಂದು ಪುಟ ಇಂಗ್ಲಿಷನ್ನು ತೊದಲುತ್ತ ಓದಿ ಮುಗಿಸಿದೆ. ಮೆಕ್‌ಅಲ್ಪಿನ್ ಎದ್ದ. ಜಗಳಕ್ಕೆ ಸಿದ್ಧನಾದೆ. ಅವನು ಮೆಲ್ಲಗೆ, ಮರ್ಯಾದೆಯಿಂದ — “ಈ ಬಿಲ್ಲನ್ನು ಈಗ ಬೇಡ, ಇಂದಿಗೆ ಆರು ತಿಂಗಳಿಗೆ ಓದತಕ್ಕದ್ದು ಅಂತ ಸೂಚಿಸ್ತೀನಿ” ಅಂದು ಕುಳಿತ. ಆರು ತಿಂಗಳು ತಾನೆ! ಕಂಪನಿಯವನಿಗೂ ಲೆಕ್ಕಾಚಾರ ಮಾಡಲು ಸಮಯ ಬೇಡವೇ? ಸ್ಪೀಕರ್ ಕೇಳಿದಾಗ ಎಲ್ಲರೂ ಹೌದು ಅಂದರು. ಎಲ್ಲರಿಗಿಂತ ಜೋರಾಗಿ ನಾನು ಅಂದೆ.

ಆಮೇಲೆ ಎಷ್ಟೊಂದು ಜನ ನಗುತ್ತ ಬೆನ್ನು ತಟ್ಟಿದರು. ಟಿಂಗ್ಲಿ ಇದ್ದಿದ್ದರೆ ಖುಷಿಪಡುತ್ತಿದ್ದರು. ಮಗಳ ಮದುವೆಗೆ ಊರಿಗೆ ಹೋಗಿದ್ದಾರೆ. ನಾಳೆಯ ರೈಲಿಗೆ ನಾನೂ ಹೊರಡುತ್ತೇನೆ.

ಅಕ್ಟೋಬರ್ ೩. ಗೋಡೆಯ ಮೇಲೆ ಗೀಚಿ ಇಡಬೇಕು.

೧೮೮೩ ಏಪ್ರಿಲ್ ೮, ಮನೆ

ಪೂಜೆ ಮುಗಿದ ಮೇಲೆ ಚರ್ಚಿನ ಮೆಟ್ಟಿಲ ಮೇಲೆ ನಿಂತು ಹೇಳಿದೆ. ಅಕ್ಟೋಬರ್ ಮೂರಕ್ಕೆ ಓದುತ್ತಾರೆ. ಜನ ಟೋಪಿ ಎಸೆದರು. ಫಾದರ್ ಕೈಕುಲುಕಿದರು. ಬೆನೊನಿ ಎಂಬ ಆಚೆ ದಡದ ಹುಡುಗ ಅವತ್ತೇ ಎರಡು ಸೀಡರ್ ಮರಕ್ಕೆ ಗುರುತು ಹಾಕಿದನಂತೆ, ಕಂಬಕ್ಕೆ ಅಂತ. ಎಲ್ಲರ ಸಹಿಯ ಮನವಿಯೊಂದು ಮಾಡೋಣ ಎಂದು ತೀರ್ಮಾನ. ಸಹಿ ಬಾರದವರು ಶಿಲುಬೆ ಗುರುತು ಹಾಕಿದರೆ ಆಯಿತು.

ಝೆಲಿ ಮಾತ್ರ — “ಆರು ತಿಂಗಳು ಯಾತಕ್ಕೆ? ಅಷ್ಟರಲ್ಲಿ ನಾನು ಮೂರ್ನಾಲ್ಕು ಸಲ ದಾಟಬೇಕಲ್ಲ.”

೧೮೮೩ ಅಕ್ಟೋಬರ್ ೩, ರಾಜಧಾನಿ

ಬರೆಯಲೂ ನಾಚಿಕೆ. ಆದರೂ ಬರೆದಿಡುತ್ತೇನೆ, ಮರೆಯದಿರಲಿ.

ಭಾನುವಾರದ ಕೋಟು ಹಾಕಿಕೊಂಡು ಹೋದೆ. ಕಂಕುಳಲ್ಲಿ ಮನವಿ, ೨೧೨ ಹೆಸರು. ಸಭೆಯ ದೊಡ್ಡ ಬಾಗಿಲಿಗೆ ಬೀಗ. ಹಿಂದಿನ ಅಂಗಳದಲ್ಲಿ ಕಾವಲುಗಾರ ಲಾಹಿ ಜಮಖಾನೆ ನೇತುಹಾಕಿ ಬಡಿಯುತ್ತಿದ್ದ. ಐರಿಷ್ ಮುದುಕ.

“ಏನ್ ಬೇಕಿತ್ತು ಸ್ವಾಮಿ?”

“ಸಭೆ.”

“ಯಾವ ಸಭೆ?”

“ಇವತ್ತು ಅಕ್ಟೋಬರ್ ಮೂರಲ್ವಾ? ನನ್ನ ಬಿಲ್ ಓದ್ತಾರೆ.”

ಅವನು ಕೋಲು ಕೆಳಗಿಟ್ಟ. ನನ್ನನ್ನು ಮೇಲಿಂದ ಕೆಳಗೆ ನೋಡಿದ.

“ಸ್ವಾಮಿ... ಅದು ಹಂಗಲ್ಲ. ಆರು ತಿಂಗಳಿಗೆ ಅಂದ್ರೆ ಕೊಂದ್ವಿ ಅಂತ. ಏಪ್ರಿಲ್‌ನಲ್ಲಿ ಸೆಶನ್ ಮುಗಿಸಿ ಬೀಗ ಹಾಕ್ತಾರೆ, ಮುಗೀತು ಅಂದ್ರೆ ಉಳಿದಿರೋ ಬಿಲ್ಲೆಲ್ಲ ಸತ್ತಂಗೆ. ಅಕ್ಟೋಬರ್‌ನಲ್ಲಿ ಓದೋಕೆ ಯಾರಿರ್ತಾರೆ ಹೇಳಿ? ಮುಖದ ಮೇಲೆ ಬೇಡ ಅನ್ನೋಕೆ ದೊಡ್ಡೋರಿಗೆ ಸಂಕೋಚ. ಅದಕ್ಕೇ ಹಿಂಗೆ.”

“ನಾನೂ ಹೌದು ಅಂದೆ.”

“ಓ... ಅದು ನೀವೇನಾ!”

ಅಂದರೆ ಕಥೆ ಕಾವಲುಗಾರನವರೆಗೂ ಬಂದಿದೆ. ಬೆನ್ನು ತಟ್ಟಿದ್ದು ಯಾಕೆಂದು ಈಗ ಗೊತ್ತಾಯಿತು. ಲಾಹಿ ಪಾಪ, ಒಳಗೆ ಕರೆದು ಚಹಾ ಕೊಟ್ಟ. ಖಾಲಿ ಸಭೆಯಲ್ಲಿ ನನ್ನ ಕುರ್ಚಿಯಲ್ಲೇ ಕುಳಿತು ಕುಡಿದೆ. ಬೆಪ್ಪುತಕ್ಕಡಿ. ಬೆಪ್ಪುತಕ್ಕಡಿ. ಬೆಪ್ಪುತಕ್ಕಡಿ.

೧೮೮೩ ಅಕ್ಟೋಬರ್ ೫, ಮನೆ

ಝೆಲಿಗೆ ಹೇಳಿದೆ. ಅವಳು ಮೊದಲು ಬಾಯಿ ಮುಚ್ಚಿಕೊಂಡಳು, ಆಮೇಲೆ ಮುಚ್ಚಲಾಗಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

“ಅಂದ್ರೆ ನಿನ್ನ ಕೂಸಿನ ಕತ್ತು ನೀನೇ ಹಿಸುಕಿ ಬಂದೆ. ಮೇಲಿಂದ ಅವರಿಗೆ ಥ್ಯಾಂಕ್ಸ್ ಬೇರೆ!”

“ನಗು. ನಗು.”

“ನಾನಲ್ದೆ ಇನ್ಯಾರು ನಗ್ಬೇಕು?” ಎಂದು ಏಪ್ರನ್ ಅಂಚಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ, “ಮತ್ತೆ ಯಾವಾಗ ಹೋಗ್ತೀಯ?”

“ಫೆಬ್ರವರಿ.”

“ಹೋಗು. ಬೂಟಿಗೆ ತಳ ಹಾಕಿಸ್ಕೋ.”

ಭಾನುವಾರ ಮತ್ತೆ ಅದೇ ಮೆಟ್ಟಿಲ ಮೇಲೆ ನಿಲ್ಲಬೇಕು. ನಿಲ್ಲುತ್ತೇನೆ.

೧೮೮೪ ಮಾರ್ಚ್ ೨೦, ರಾಜಧಾನಿ

ಈಗ ನನಗೆ ಹೆಸರಿಟ್ಟಿದ್ದಾರೆ. “ಆರು ತಿಂಗಳು”. ಅಂಗಳದಲ್ಲಿ, ಹೋಟೆಲಿನಲ್ಲಿ, ಕ್ಷೌರದಂಗಡಿಯಲ್ಲೂ. ನನ್ನ ಹೆಸರನ್ನು ದೇಗ್ಲ್ ಎಂದು ಸರಿಯಾಗಿ ಅನ್ನಲು ಬಾರದೆ ಡೇಗಲ್ ಅನ್ನುತ್ತಿದ್ದರು. ಅದಕ್ಕಿಂತ ಇದೇ ವಾಸಿ ಎಂದು ಟಿಂಗ್ಲಿಗೆ ಹೇಳಿದೆ. ಅವರು ನಗಲಿಲ್ಲ. “ನಾನು ಅವತ್ತು ಇರಬೇಕಿತ್ತು ಕಣಯ್ಯ” ಎಂದರು.

ಬಿಲ್ ಮತ್ತೆ ತಂದೆ. ಮೆಕ್‌ಅಲ್ಪಿನ್ ಮತ್ತೆ ಅದೇ ಸೂಚನೆ. ಈ ಸಲ ಇಲ್ಲ ಅಂದೆ. ನನ್ನೊಂದಿಗೆ ಹನ್ನೊಂದು ಜನ. ಅವನ ಕಡೆ ಇಪ್ಪತ್ತನಾಲ್ಕು. ಸತ್ತಿತು.

ಹೊರಗೆ ಮೆಕ್‌ಅಲ್ಪಿನ್ ಸಿಕ್ಕ. ಸಿಗಾರ್ ಚಾಚಿದ. ಬೇಡವೆಂದೆ.

“ಮಿಸ್ಟರ್ ಡೇಗಲ್, ನಿಮ್ಮ ಮೇಲೆ ನನಗೇನೂ ದ್ವೇಷ ಇಲ್ಲ. ಕಂಬಕ್ಕೆ ದಿಮ್ಮಿ ಸಿಕ್ಕಿ ಕಟ್ಟೆ ಕಟ್ಕೊಂಡ್ರೆ ಇಡೀ ವರ್ಷದ ಮರ ಅಲ್ಲೇ ಕೊಳೆಯುತ್ತೆ. ಮುನ್ನೂರು ಜನಕ್ಕೆ ಕೆಲಸ ಇರಲ್ಲ. ಅವರಲ್ಲಿ ಅರ್ಧ ನಿಮ್ಮೂರಿನವರೇ.”

“ಕಂಬಕ್ಕೆ ಮೂತಿ ಮಾಡ್ತೀವಿ. ದೋಣಿ ಮೂತಿ ಥರ. ದಿಮ್ಮಿ ಸೀಳ್ಕೊಂಡು ಹೋಗುತ್ತೆ.”

“ಹೋಗುತ್ತೆ ಅಂತ ನೀವಂತೀರಿ. ಹೋಗ್ದಿದ್ರೆ?”

ಅವನ ಮಾತಿನಲ್ಲೂ ಹುರುಳಿದೆ. ಹೊಟ್ಟೆ ಉರಿಯುವುದು ಅದಕ್ಕೇ.

೧೮೮೪ ಮೇ ೨, ಮನೆ

ಬೆಳಿಗ್ಗೆ ಬೆನೊನಿ ಆಚೆ ದಡದಿಂದ ಬಂದೂಕು ಹಾರಿಸಿದ. ಅವನ ಹೆಂಡತಿ ಎಮೆರಾನ್ಸ್‌ಗೆ ನೋವು ಶುರುವಾಗಿದೆ ಎಂದು ಅರ್ಥ. ಹತ್ತೊಂಬತ್ತು ವರ್ಷ. ಚೊಚ್ಚಲು.

ಹೊಳೆಯ ತುಂಬ ದಿಮ್ಮಿ. ದೋಣಿ ಎರಡು ಸಲ ಇಳಿಸಿದೆವು, ಎರಡು ಸಲ ಹಿಂದಕ್ಕೆ ಬಂತು, ಎರಡನೇ ಸಲ ಪಕ್ಕೆ ಒಡೆದುಕೊಂಡು. ಝೆಲಿ ದಿಮ್ಮಿಗಳ ಮೇಲೇ ಹೊರಟಳು. ಮೂರು ಹೆಜ್ಜೆ. ಕುಂಟುಕಾಲು ಜಾರಿತು. ಕಂಪನಿಯ ಮೇಸ್ತ್ರಿ ಅವಳನ್ನು ಎತ್ತಿಕೊಂಡು ಬಂದು ದಡದಲ್ಲಿ ಕೂರಿಸಿದ. ಅವನ ಮುಖಕ್ಕೆ ಬೈದಳು.

ಆಮೇಲೆ ಕೂಗತೊಡಗಿದಳು. ಹೊಳೆಯ ಸದ್ದಿಗೆ ಯಾರಿಗೆ ಕೇಳಬೇಕು? ಆಗ ಆ ಮೇಸ್ತ್ರಿ ತನ್ನ ಆಳುಗಳನ್ನು ಕರೆದ. ಮೊಳೆ ಬೂಟು ಹಾಕಿದ ಒಂಬತ್ತು ಜನ — ಬಂಡೆ ಮೇಲೊಬ್ಬ, ಸಿಕ್ಕಿಕೊಂಡ ದಿಮ್ಮಿ ಮೇಲೊಬ್ಬ — ಈ ದಡದಿಂದ ಆ ದಡಕ್ಕೆ ಉದ್ದ ಗಳು ಊರಿ ಸಾಲಾಗಿ ನಿಂತರು. ಝೆಲಿ ಹೇಳಿದ್ದನ್ನು ಒಬ್ಬ ಇನ್ನೊಬ್ಬನಿಗೆ ಕೂಗಿದ. “ನೀರು ಕಾಯ್ಸಿ!” “ಬೆನ್ನು ಒತ್ತಿ!” “ಈಗ ತಿಣುಕಬೇಡ ಅನ್ನಿ!” ಮದುವೆಯಾಗದ ಹುಡುಗರು, ಗಡ್ಡದ ಮುದುಕರು, ಜನ್ಮದಲ್ಲಿ ಆಡದ ಮಾತುಗಳನ್ನು ಹೊಳೆ ನಡುವೆ ನಿಂತು ಅರಚಿದರು. ಯಾರೂ ನಗಲಿಲ್ಲ. ಆಚೆ ದಡದಿಂದ ಮನೆಗೆ ಬೆನೊನಿ ಓಡಿದ, ಬಂದ, ಓಡಿದ. ನಾಲ್ಕು ಗಂಟೆ ಕಾಲ.

ಮಧ್ಯಾಹ್ನ “ಹೆಣ್ಣು! ಅಳ್ತಿದೆ!” ಎಂದು ಬಂತು. ನಾವೆಲ್ಲ ಕುಣಿದೆವು. ಅರ್ಧ ಗಂಟೆಗೆ “ರಕ್ತ ನಿಲ್ತಿಲ್ಲ” ಎಂದು ಬಂತು. ಝೆಲಿ ಏನೇನೋ ಹೇಳಿದಳು, ಕೈಯಲ್ಲಿ ಮಾಡಿ ತೋರಿಸಿದಳು, ಅಲ್ಲಿಗೆ ಕಾಣುತ್ತದೆಯೇನೋ ಎಂಬಂತೆ. ಕೊನೆಯ ಸುದ್ದಿ ಒಂಬತ್ತು ಬಾಯಿ ದಾಟಿ ಬರಬೇಕಿತ್ತು. ನಮ್ಮ ದಡದ ಹತ್ತಿರದವನು ಹೇಳಲಾರದೆ ಟೋಪಿ ತೆಗೆದ.

ಝೆಲಿಗೆ ಗಂಟಲು ಪೂರ್ತಿ ಕಟ್ಟಿದೆ. ಗೋಡೆ ಕಡೆ ತಿರುಗಿ ಮಲಗಿದ್ದಾಳೆ.

೧೮೮೪ ಜೂನ್ ೧೫

ಮಗುವಿಗೆ ಝೆಲಿಯದೇ ಹೆಸರಿಟ್ಟರು. ಅವಳು ಜ್ಞಾನಸ್ನಾನಕ್ಕೆ ಬರಲಿಲ್ಲ.

೧೮೮೫ ಮಾರ್ಚ್ ೩೦, ರಾಜಧಾನಿ

ಒಂಬತ್ತು ತಿಂಗಳು ಇದರಲ್ಲಿ ಒಂದಕ್ಷರ ಬರೆದಿಲ್ಲ. ಇವತ್ತು ಬರೆಯಲು ವಿಷಯವಿದೆ.

ಈ ಸಲವೂ ಓಟು ಎಣಿಸಿ ಆಯಿತು. ಹದಿನಾಲ್ಕಕ್ಕಿಂತ ಮೇಲೆ ಏಳುವುದಿಲ್ಲ. ರಾತ್ರಿ ಊಟಕ್ಕೆ ಕುಳಿತಾಗ ಟಿಂಗ್ಲಿ ಹೇಳಿದ ಸುದ್ದಿ: ರೈಲ್ವೆ ಕರಾರು ಇನ್ನೂ ಒಟ್ಟಾವಾದಿಂದ ಬಂದಿಲ್ಲವಂತೆ. ಅದಿಲ್ಲದೆ ಸರ್ಕಾರ ಸೆಶನ್ ಮುಗಿಸುವಂತಿಲ್ಲ. ಅದಕ್ಕೆ ಮುಗಿಸದೆ ಬರೀ ಮುಂದೂಡುತ್ತಾರಂತೆ. ಅಕ್ಟೋಬರ್ ಮೊದಲ ವಾರಕ್ಕೆ.

ಚಮಚ ಕೆಳಗಿಟ್ಟೆ. “ಮುಗಿಸೋದಕ್ಕೂ ಮುಂದೂಡೋದಕ್ಕೂ ಏನ್ ವ್ಯತ್ಯಾಸ?”

“ಮುಗಿಸಿದ್ರೆ ಎಲ್ಲ ಬಿಲ್ಲೂ ಸಾಯುತ್ತೆ. ಮುಂದೂಡಿದ್ರೆ ಅದೇ ಸೆಶನ್ನು, ಎಲ್ಲ ಇದ್ದಂಗೇ ಇರುತ್ತೆ.”

“ಹಾಗಾದ್ರೆ... ಇವತ್ತಿಗೆ ಆರು ತಿಂಗಳಿಗೆ ಅಂದಿದ್ದು?”

ಟಿಂಗ್ಲಿ ನನ್ನನ್ನೇ ನೋಡಿದರು. ಬಾಯಲ್ಲಿದ್ದ ಗಂಜಿ ನುಂಗಲು ಮರೆತಂತೆ. ಆಮೇಲೆ ಟೇಬಲ್ ಬಡಿದು ನಗತೊಡಗಿದರು. ಮಿಸೆಸ್ ಗೋರ್ಹಮ್ ಓಡಿ ಬಂದಳು.

ಅಕ್ಟೋಬರ್ ಆರು ಮಂಗಳವಾರ ಸೇರಿದರೆ ವಾರದ ಕೊನೆಯವರೆಗಾದರೂ ಕೂರಬಹುದು. ನನ್ನ ಆರು ತಿಂಗಳು ಆರಕ್ಕೇ ಬೀಳುವಂತೆ ಮಾಡಿದರೆ ಕಷ್ಟ, ರೈಲು ತಡವಾದರೆ ಯಾರೂ ಇರುವುದಿಲ್ಲ. ಒಂಬತ್ತು ಒಳ್ಳೆಯದು. ನನ್ನ ಎರಡನೇ ಓದನ್ನು ಏಪ್ರಿಲ್ ಒಂಬತ್ತಕ್ಕೆ ಹಾಕಿಸುತ್ತೇನೆ.

೧೮೮೫ ಏಪ್ರಿಲ್ ೯

ಮೆಕ್‌ಅಲ್ಪಿನ್ ಇವತ್ತು ತುಂಬ ಖುಷಿಯಲ್ಲಿದ್ದ. “ನಮ್ಮ ಆರು ತಿಂಗಳ ಗೆಳೆಯರಿಗೆ ಹಳೇ ಉಡುಗೊರೆ” ಎಂದು ಸೂಚನೆ ಮಂಡಿಸಿದ. ಇಂದಿಗೆ ಆರು ತಿಂಗಳಿಗೆ. ಸ್ಪೀಕರ್ ಕೇಳಿದರು.

ನಾನು ಎದ್ದು ನಿಂತು ಹೌದು ಎಂದೆ.

ಸಭೆಗೆ ಸಭೆಯೇ ನಕ್ಕಿತು. “ಇನ್ನೂ ಅರ್ಥ ಆಗಿಲ್ಲಯ್ಯ ಪಾಪ!” ಎಂದು ಯಾರೋ. ಗ್ಯಾಲರಿಯಲ್ಲಿ ಪತ್ರಿಕೆಯವನು ಬರೆದುಕೊಂಡ. ಟಿಂಗ್ಲಿ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡಿದ್ದರು. ಗುಮಾಸ್ತ ನಡಾವಳಿ ಪುಸ್ತಕದಲ್ಲಿ ಅದನ್ನು ಬರೆಯುವವರೆಗೂ ನಿಂತೇ ಇದ್ದೆ. ಮಸಿ ಒಣಗಲಿ ಎಂದು.

ನಗಲಿ. ಮುಂದೂಡುವುದಿಲ್ಲ, ಮುಗಿಸುತ್ತೇವೆ ಅಂದುಬಿಟ್ಟರೆ ನಾನು ಮೂರನೇ ಸಲವೂ ಕತ್ತೆ.

೧೮೮೫ ಏಪ್ರಿಲ್ ೧೪

ಮುಂದೂಡಿದರು! ಅಕ್ಟೋಬರ್ ೬.

೧೮೮೫ ಅಕ್ಟೋಬರ್ ೭, ರಾಜಧಾನಿ

ಕರಾರು ತಯಾರಾಗಿ ಬಂದಿದೆ. ನಾಳೆ ಮಧ್ಯಾಹ್ನ ಚರ್ಚೆ, ನಾಳೆಯೇ ಓಟು, ನಾಳೆ ಸಂಜೆಗೇ ಗವರ್ನರ್ ಬಂದು ಸೆಶನ್ ಮುಗಿಸುತ್ತಾರೆ. ನಾಳೆ ಎಂಟು. ನನಗೆ ಬೇಕಾದದ್ದು ಒಂಬತ್ತು. ಒಂದೇ ಒಂದು ದಿನ.

ಟಿಂಗ್ಲಿ — “ಸಂಜೆ ಆರಕ್ಕೆ ಸ್ಪೀಕರ್ ಏಳಲೇಬೇಕು, ನಿಯಮ. ಅಷ್ಟೊತ್ತಿಗೆ ಚರ್ಚೆ ಮುಗೀದಿದ್ರೆ ಮಾರನೇ ದಿನಕ್ಕೆ.”

“ಯಾರಾದ್ರೂ ಮಾತಾಡ್ತಾನೇ ಇರಬೇಕು ಅಂತೀರಾ.”

“ಯಾರಾದ್ರೂ.”

“ನೀವು?”

“ನಾನು ಸರ್ಕಾರದ ಕಡೆ ಕಣಯ್ಯ. ನನ್ನ ಬಾಯಿ ಕಟ್ಟಿದೆ.”

ಮೂರು ವರ್ಷದಲ್ಲಿ ನಾನು ಸಭೆಯಲ್ಲಿ ಆಡಿದ ಮಾತೆಲ್ಲ ಸೇರಿಸಿದರೆ ಕಾಲು ಗಂಟೆ ಆಗಬಹುದು. ಅದೂ ಚೀಟಿ ನೋಡಿಕೊಂಡು.

೧೮೮೫ ಅಕ್ಟೋಬರ್ ೮, ಸಂಜೆ ಏಳು

ಗಂಟಲು ಹೋಗಿದೆ. ಕೈ ಚೆನ್ನಾಗಿದೆ. ಬರೆಯುತ್ತೇನೆ.

ಎರಡೂ ನಲವತ್ತಕ್ಕೆ ಎದ್ದೆ. ಕರಾರಿನ ಏಳನೇ ಕಲಮು: ರೈಲು ದಾರಿಯ ಸೇತುವೆಗಳು. ಅದನ್ನೇ ಹಿಡಿದೆ. ಮೊದಲನೇ ಹೊಳೆಗೆ ಸೇತುವೆ ಇದೆಯಾ? ಇದೆ. ಕಂಬ ಎಷ್ಟು? ಮೂರು. ಆ ಹೊಳೆಯಲ್ಲಿ ದಿಮ್ಮಿ ಹರಿಯುತ್ತಾ? ಹರಿಯುತ್ತೆ. ಸಿಕ್ಕಿಕೊಂಡಿದೆಯಾ? ಮಂತ್ರಿಗೆ ಗೊತ್ತಿಲ್ಲ. ಹಾಗಾದರೆ ಎರಡನೇ ಹೊಳೆ. ಮೂರನೇ ಹೊಳೆ. ಹದಿನೇಳು ಹೊಳೆ ಇದೆ ಆ ದಾರಿಯಲ್ಲಿ. ಒಂದನ್ನೂ ಬಿಡಲಿಲ್ಲ. ನನ್ನ ಇಂಗ್ಲಿಷ್ ಮುರಿದು ಮುರಿದು ಬಿತ್ತು, ಎತ್ತಿಕೊಂಡು ಮುಂದೆ ನಡೆದೆ. ಮೊದಲ ಒಂದು ಗಂಟೆ ನಕ್ಕರು. ಆಮೇಲೆ ಆಕಳಿಸಿದರು. ನಾಲ್ಕು ಗಂಟೆಗೆ ಮೆಕ್‌ಅಲ್ಪಿನ್ ಕಡೆಯ ಐದಾರು ಜನ ಗಡಿಯಾರ ನೋಡಿ ಸಂಜೆ ರೈಲಿಗೆ ಹೊರಟರು. ರೈಲ್ವೆ ಕರಾರು ಹೇಗೂ ಪಾಸಾಗುತ್ತದೆ, ಇವನ ಪುರಾಣ ಯಾರು ಕೇಳುತ್ತಾರೆ ಎಂದು. ಹೋಗಲಿ, ಹೋಗಲಿ.

ಸ್ಪೀಕರ್ — “ಮಾನ್ಯ ಸದಸ್ಯರು ವಿಷಯಕ್ಕೆ ಹತ್ತಿರ ಬರ್ತಿದಾರಾ?”

“ಬರ್ತಿದೀನಿ ಸ್ವಾಮಿ. ಆದ್ರೆ ನಮ್ಮ ಕಡೆ ಹೊಳೆ ದಾಟಿಯೇ ಬರ್ಬೇಕು.”

ಹದಿನೇಳು ಹೊಳೆ ಮುಗಿದಾಗ ನಾಲ್ಕೂ ಮುಕ್ಕಾಲು. ಇನ್ನೂ ಒಂದೂ ಕಾಲು ಗಂಟೆ. ಬಾಯಿ ಒಣಗಿತ್ತು. ತಲೆಯಲ್ಲಿ ಏನೂ ಇರಲಿಲ್ಲ. ಲಾಹಿ ನೀರು ತಂದಿಟ್ಟ, ಪಿಸುಮಾತಿನಲ್ಲಿ “ನಿಲ್ಲಿಸಬೇಡಿ ಸ್ವಾಮಿ” ಅಂದ. ಅವನಿಗೆ ಯಾರು ಹೇಳಿದರೋ.

ಆಗ ಎಮೆರಾನ್ಸ್‌ಳ ವಿಷಯ ಹೇಳಿದೆ. ಹೇಳಬಾರದೆಂದುಕೊಂಡಿದ್ದೆ, ಅದು ಸಭೆಯಲ್ಲಿ ಆಡುವ ಮಾತಲ್ಲ ಎಂದು. ರೈಲಿಗೆ ಹದಿನೇಳು ಸೇತುವೆ ಕೊಟ್ಟಿರಿ, ಇವಳಿಗೆ ಒಂಬತ್ತು ಗಂಡಸರನ್ನು ನಿಲ್ಲಿಸಿದೆವು ಎಂದೆ. ಅವರು ಕೂಗಿದ್ದನ್ನು ಒಂದೊಂದೇ ಹೇಳಿದೆ, ಹಾಗೇ, ಕೂಗಿಯೇ. ನೀರು ಕಾಯ್ಸಿ. ಬೆನ್ನು ಒತ್ತಿ. ಸ್ಪೀಕರ್ ಕೂಡ ತ‌ಡೆಯಲಿಲ್ಲ. ರಕ್ತ ನಿಲ್ತಿಲ್ಲ ಎಂಬಲ್ಲಿಗೆ ಬಂದಾಗ ನನಗೂ ಮುಂದೆ ಆಗಲಿಲ್ಲ. ಮೆಕ್‌ಅಲ್ಪಿನ್ ಎದ್ದು ನಿಂತಿದ್ದ.

“ಆ ಒಂಬತ್ತು ಜನ ನನ್ನ ಆಳುಗಳಾ?”

“ಹೌದು.”

“ನನಗೆ ಯಾರೂ ಹೇಳಲಿಲ್ಲ.”

“ಆ ನಾಲ್ಕು ಗಂಟೆ ನಿಮ್ಮ ದಿಮ್ಮಿ ಕೆಲಸ ನಿಂತಿತ್ತು. ಹೇಳಿದ್ರೆ ಸಂಬಳ ಹಿಡೀತೀರಿ ಅಂತ ಹೆದರಿದ್ರು.”

ಅವನು ಕುಳಿತ. ನಾನು ಮನವಿ ಬಿಚ್ಚಿ ೨೧೨ ಹೆಸರು ಓದತೊಡಗಿದೆ. ಶಿಲುಬೆ ಗುರುತಿನವರ ಹೆಸರನ್ನು ಅಪ್ಪನ ಹೆಸರು, ಅಜ್ಜನ ಹೆಸರು ಸೇರಿಸಿ. ೧೮೯ನೆಯ ಹೆಸರಿಗೆ ಗಡಿಯಾರ ಆರು ಹೊಡೆಯಿತು. ಸ್ಪೀಕರ್ ಎದ್ದರು.

೧೮೮೫ ಅಕ್ಟೋಬರ್ ೯

ಬೆಳಿಗ್ಗೆ ಹತ್ತಕ್ಕೆ ರೈಲ್ವೆ ಕರಾರು ಪಾಸು. ಗವರ್ನರ್‌ಗೆ ಹೇಳಿಕಳಿಸೋಣ ಎಂದು ಮಂತ್ರಿ ಎದ್ದರು. ನಾನೂ ಎದ್ದೆ. ದನಿ ಇಲ್ಲ, ಬರೀ ಗಾಳಿ. ನಡಾವಳಿ ಪುಸ್ತಕದ ಏಪ್ರಿಲ್ ಒಂಬತ್ತರ ಪುಟ ಓದಬೇಕೆಂದು ಕೇಳಿದೆ. ಗುಮಾಸ್ತ ಓದಿದ. ಇಂದಿಗೆ ಆರು ತಿಂಗಳಿಗೆ ಓದತಕ್ಕದ್ದು.

“ಸ್ಪೀಕರ್ ಅವರೇ, ಇವತ್ತು ಆ ದಿನ.”

ಒಂದು ಕ್ಷಣ ಯಾರಿಗೂ ಹೊಳೆಯಲಿಲ್ಲ. ಹೊಳೆದ ಮೇಲೆ ಗದ್ದಲವೋ ಗದ್ದಲ. ಸಂಪ್ರದಾಯ ಹಾಗಿಲ್ಲ, ಅದು ಬರೀ ಮಾತಿನ ರೀತಿ, ಇದು ಮೋಸ ಎಂದು ನಾಲ್ಕು ಕಡೆಯಿಂದ. ಸ್ಪೀಕರ್ ದಪ್ಪ ಪುಸ್ತಕ ತಿರುವಿದರು. ತಿರುವಿಯೇ ತಿರುವಿದರು. ಕೊನೆಗೆ ಸೂಚನೆ ತಂದವರನ್ನೇ ಕೇಳೋಣ ಎಂದರು.

ಮೆಕ್‌ಅಲ್ಪಿನ್ ನಿಧಾನಕ್ಕೆ ಎದ್ದ. ಮುಖ ಗಡ್ಡದಷ್ಟೇ ಕೆಂಪು. ನನ್ನನ್ನು ತಿಂದುಬಿಡುವಂತೆ ನೋಡಿದ. ಆಮೇಲೆ ಮೂಗಿನಲ್ಲೇ ನಕ್ಕ.

“ನನ್ನ ಬಾಯಿಂದ ಬಂದ ಮಾತು. ಇವತ್ತಿಗೆ ಅಂದಿದ್ದೆ, ಇವತ್ತು ಬಂತು. ಆಡಿದ್ದನ್ನ ನುಂಗೋ ಅಭ್ಯಾಸ ಇಲ್ಲ ನನಗೆ. ಓದಲಿ. ನನ್ನ ಓಟು ಮಾತ್ರ ಈಗ್ಲೂ ಇಲ್ಲ ಅಂತಾನೇ.”

ಓದಿದರು. ಹೌದು ಹದಿನೈದು. ಇಲ್ಲ ಹದಿಮೂರು. ಅವನ ಐದಾರು ಜನ ನಿನ್ನೆ ರೈಲಿನಲ್ಲಿ ಮನೆ ಸೇರಿ ಮಲಗಿದ್ದರು.

ಟಿಂಗ್ಲಿ ನನ್ನ ಬೆನ್ನು ತಟ್ಟಿದರು. ಈ ಸಲ ಯಾಕೆಂದು ನನಗೆ ಗೊತ್ತಿತ್ತು. ಅತ್ತುಬಿಟ್ಟೆ.

೧೮೮೫ ಅಕ್ಟೋಬರ್ ೧೫

ಎರಡನೇ ಓದು ಗೆದ್ದ ಬಿಲ್ಲನ್ನು ಅರ್ಧಕ್ಕೆ ಬಿಟ್ಟು ಬೀಗ ಹಾಕಲು ಮಂತ್ರಿಗೂ ಮುಖವಿರಲಿಲ್ಲ, ಇನ್ನೊಂದು ವಾರ ಸಭೆ ಕೂತಿತು. ಮೂರನೇ ಓದು, ಮೇಲ್ಮನೆ, ಗವರ್ನರ್ ಸಹಿ. ಮೇಲ್ಮನೆಯ ಮುದುಕರಿಗೆ ಊರಿಗೆ ಹೋಗುವ ಅವಸರ. ಟೆಲಿಗ್ರಾಂ ಕಳಿಸಿದೆ: ಮರ ಕಡಿಯಿರಿ.

೧೮೮೬ ಫೆಬ್ರವರಿ ೮, ಮನೆ

ಸೆಶನ್ ಇನ್ನೆರಡು ವಾರಕ್ಕೆ. ಈ ಸಲ ತಡವಾಗಿ ಹೋಗುತ್ತೇನೆ, ಬೇಕಾದರೆ ಬೈಯಲಿ. ಇಲ್ಲಿ ಕೆಲಸವಿದೆ.

ಐಸ್ ಮೇಲೇ ಕಂಬ ಕಟ್ಟುತ್ತಿದ್ದೇವೆ. ಸೀಡರ್ ದಿಮ್ಮಿ ಅಡ್ಡಡ್ಡ ಜೋಡಿಸಿದ ದೊಡ್ಡ ಪೆಟ್ಟಿಗೆ, ಮೇಲುಹೊಳೆ ಕಡೆಗೆ ದೋಣಿ ಮೂತಿ. ಇವತ್ತು ಮೊದಲನೆಯದಕ್ಕೆ ಕಲ್ಲು ತುಂಬಿ ಸುತ್ತ ಐಸ್ ಕೊರೆದೆವು. ಗುಡುಗುಟ್ಟಿ ಕೆಳಗಿಳಿಯಿತು, ನೆಟ್ಟಗೆ ತಳ ಮುಟ್ಟಿತು. ಆ ಒಂಬತ್ತು ಜನರಲ್ಲಿ ಏಳು ಜನ ರಜೆ ಕೇಳಿಕೊಂಡು ಬಂದು ಕಲ್ಲು ಹೊರುತ್ತಿದ್ದಾರೆ. ಮೆಕ್‌ಅಲ್ಪಿನ್ ರಜೆ ಕೊಟ್ಟಿದ್ದಾನೆ. ಯಾಕೆಂದು ಯಾರೂ ಕೇಳಲಿಲ್ಲ.

ಝೆಲಿ ಅಷ್ಟೂ ಜನಕ್ಕೆ ಪ್ಲೊಯ್ ಹುಯ್ದಳು. ಮಾತು ಕಡಿಮೆ. ಕಂಬ ತಳ ಸೇರಿದ ಮೇಲೆ ಕುಂಟುತ್ತ ಹೋಗಿ ಅದನ್ನು ಕೋಲಿನಿಂದ ಎರಡು ಸಲ ಕುಟ್ಟಿ ನೋಡಿ ಬಂದಳು.

೧೮೮೬ ಏಪ್ರಿಲ್ ೨೬

ಐಸ್ ಹೋಗಿ ನಾಲ್ಕು ದಿನ. ಕಂಬ ನಿಂತಿವೆ. ಇವತ್ತು ದಿಮ್ಮಿ ಬಂದವು.

ಎರಡೂ ದಡದಲ್ಲಿ ಜನವೋ ಜನ. ಮೆಕ್‌ಅಲ್ಪಿನ್ ತಾನೇ ಬಂದು ಗಡಿಯಾರ ಕೈಯಲ್ಲಿ ಹಿಡಿದು ನಿಂತಿದ್ದ. ಹತ್ತು ಗಂಟೆಗೆ ಎರಡನೇ ಕಂಬದ ಮೂತಿಗೆ ದಿಮ್ಮಿ ಅಡ್ಡ ಬಿತ್ತು, ಅದರ ಮೇಲೆ ಇನ್ನೊಂದು, ಇನ್ನೊಂದು... ಬೆಟ್ಟವಾಯಿತು. ಆಳುಗಳು ಗಳು ಹಿಡಿದು ಕಂಬದ ಮೇಲಿಂದಲೇ ತಳ್ಳಿದರು — ಕಂಬ ಇದ್ದದ್ದರಿಂದ ನಿಲ್ಲಲು ಜಾಗವೂ ಸಿಕ್ಕಿತ್ತು. ಕಟಕಟ ಸದ್ದು. ಬೆಟ್ಟ ಎರಡಾಗಿ ಸೀಳಿ ಹರಿದುಹೋಯಿತು.

ಮೆಕ್‌ಅಲ್ಪಿನ್ ಗಡಿಯಾರ ಮುಚ್ಚಿದ. “ಒಂದು ಗಂಟೆ ಹನ್ನೆರಡು ನಿಮಿಷ, ಮಿಸ್ಟರ್ ಡೇಗಲ್.”

“ಆರು ತಿಂಗಳಿಗಿಂತ ಕಮ್ಮಿ.”

ಸಿಗಾರ್ ಚಾಚಿದ. ಈ ಸಲ ತೆಗೆದುಕೊಂಡೆ. ಕೆಟ್ಟ ಸಿಗಾರು.

ಮುಂದಿನ ಚುನಾವಣೆಗೆ ನಿಲ್ಲು ಎನ್ನುತ್ತಿದ್ದಾರೆ. ನಿಲ್ಲುವುದಿಲ್ಲ. ಗಂಜಿ ತಿಂದದ್ದು ಸಾಕು. ತೊಲೆ ಕೂರಿಸಿ ಆಗಿದೆ, ಹಲಗೆ ಹಾಸುವುದು ಆಚೆ ದಡದ ಕಡೆ ಹತ್ತು ಅಡಿ ಉಳಿದಿದೆ. ನಾಳೆ ಸಂಜೆಗೆ ಮುಗಿಯುತ್ತದೆ. ಮುಗಿದ ಮೇಲೆ ಫಾದರ್ ಮೊದಲು ದಾಟಬೇಕು, ಆಮೇಲೆ ಉಳಿದವರು. ಹಾಗೆಂದು ತೀರ್ಮಾನ.

೧೮೮೬ ಏಪ್ರಿಲ್ ೨೭, ಬೆಳಿಗ್ಗೆ ಆರು

ಬಾಗಿಲು ಬಡಿದರು. ಬೆನೊನಿ. ಬರೀ ತೊಲೆಯ ಮೇಲೆ ನಡೆದು ಬಂದಿದ್ದಾನೆ. ಎಮೆರಾನ್ಸ್‌ಳ ತಂಗಿಗೆ ನೋವು ಶುರುವಾಗಿದೆಯಂತೆ, ಮೂರು ಗಂಟೆಯಿಂದ.

ಝೆಲಿ ಆಗಲೇ ಬೂಟಿನ ಲೇಸು ಬಿಗಿಯುತ್ತಿದ್ದಾಳೆ. ಹೇಳಿ ನೋಡಿದೆ.

“ಹತ್ತು ಅಡಿ ಹಲಗೆ ಇಲ್ಲ ಕಣೇ. ಕೆಳಗೆ ದಿಮ್ಮಿ ಹರೀತಿದೆ. ಸಂಜೆ ಅಷ್ಟೊತ್ತಿಗೆ—”

“ನನಗ್ಯಾಕೆ ಹೇಳ್ತೀಯ? ಹೋಗಿ ಆ ಕೂಸಿಗೆ ಹೇಳು. ಇವತ್ತಿಗೆ ಆರು ತಿಂಗಳಿಗೆ ಬಾ ಅಂತ.”

ನಕ್ಕಳು. ಎರಡು ವರ್ಷದ ಮೇಲೆ.

ಅಂಗಳದಲ್ಲಿ ಹಲಗೆ ಇವೆ. ನಾನೂ ಬೆನೊನಿಯೂ ಹೊತ್ತುಕೊಂಡು ಮುಂದೆ, ಹಾಸುತ್ತ ಹೋಗುವುದು. ಮೊಳೆ ಆಮೇಲೆ. ಅವಳು ಹಿಂದಿನಿಂದ ಬರಬೇಕು, ಹಲಗೆ ಬಿದ್ದ ಮೇಲೇ ಹೆಜ್ಜೆ ಇಡಬೇಕು ಎಂದೆ. ಕೇಳುವವಳಲ್ಲ. ಬಾಗಿಲಲ್ಲಿ ನಿಂತು ಕೂಗುತ್ತಿದ್ದಾಳೆ, ಬರೆದದ್ದು ಸಾಕು ಬಾ ಮುದುಕಾ ಎಂದು. ಗೇಟು ದಾಟಿದಳು. ಅಯ್ಯೋ, ನನಗಿಂತ ಮುಂದೆ—